ವಾರಕ್ಕೊಂದು ಅಪರಾಹ್ಣ: ಮನೆಯಲ್ಲಿ ಓದುವ ಮಕ್ಕಳಿಗಾಗಿ ಪೂರಕ ಕೂಟವನ್ನು ಕಟ್ಟುವ ಬಗೆ

ಮಗುವಿನ ವಿದ್ಯಾಭ್ಯಾಸವನ್ನು ಮನೆಯಲ್ಲಿಯೇ ನಡೆಯಿಸಬೇಕೆಂದು ನಿಶ್ಚಯಿಸಿದ ತಂದೆತಾಯಿಗಳು, ಆ ನಿಶ್ಚಯಕ್ಕೆ ಮಗುವಿನ ದೀರ್ಘವಾದ ಅಸ್ವಾಸ್ಥ್ಯವೇ ಕಾರಣವಾಗಿರಲಿ, ತೋಟದ ವಸ್ತಿಗೂ ಶಾಲೆಗೂ ನಡುವೆ ಇರುವ ದೂರವೇ ಕಾರಣವಾಗಿರಲಿ, ಅಥವಾ ಪ್ರತಿಯೊಂದು ಶಿಶುವೂ ತನ್ನ ಸ್ವಭಾವಕ್ಕೆ ಅನುಗುಣವಾದ ಗತಿಯಲ್ಲಿಯೇ ಕಲಿಯತಕ್ಕದ್ದೆಂಬ ವಿಚಾರಪೂರ್ವಕವಾದ ಶ್ರದ್ಧೆಯೇ ಕಾರಣವಾಗಿರಲಿ, ಕೆಲವು ಕಾಲದ ಅನಂತರ ಒಂದು ಕೊರತೆಯನ್ನು ಮನಗಾಣದೆ ಇರಲಾರರು. ಅಕ್ಷರ, ಮಗ್ಗಿ, ವ್ಯಾಕರಣ, ಭೂಗೋಲ ಇವೆಲ್ಲ ಮನೆಯ ಪಡಸಾಲೆಯಲ್ಲಿ ಸುಸೂತ್ರವಾಗಿಯೇ ಸಾಗುತ್ತವೆ. ತುಂಬಿದ ತರಗತಿಯಲ್ಲಿ ಒಂದು ವಾರ ಹಿಡಿಯುವ ಪಾಠವು ತಾಯಿ ಮಗ್ಗುಲಲ್ಲಿ ಕುಳಿತು ಹೇಳಿಕೊಟ್ಟಾಗ ಒಂದೆರಡು ದಿನಗಳಲ್ಲಿಯೇ ಮುಗಿದುಹೋಗುವುದೂ ಉಂಟು. ಆದರೆ ಮೇಳಗಾನಕ್ಕೆ ಹತ್ತು ಕಂಠಗಳು ಬೇಕು; ಖೋ-ಖೋ ಆಟಕ್ಕೆ ಎರಡು ಪಂಗಡಗಳು ಬೇಕು; ನಾಟಕಕ್ಕೆ ಪಾತ್ರಧಾರಿಗಳಲ್ಲದೆ ಪ್ರೇಕ್ಷಕರೂ ಬೇಕು; ತನ್ನ ಅಭಿಪ್ರಾಯವು ತಪ್ಪಾಗಿರಬಹುದೆಂದು ಮಗುವಿಗೆ ಹೊಳೆಯಬೇಕಾದರೆ ಅದನ್ನು ಒಪ್ಪದ ಸಮವಯಸ್ಕನೊಬ್ಬನು ಎದುರಿಗೆ ಕುಳಿತಿರಬೇಕು. ಇವುಗಳನ್ನು ಎಷ್ಟೇ ಪ್ರೀತಿಯುಳ್ಳ ತಾಯಿಯಾದರೂ ಒಬ್ಬಳೇ ಒದಗಿಸಲಾರಳು. ಆದುದರಿಂದಲೇ ಮನೆಪಾಠದ ಜೊತೆಗೆ ವಾರಕ್ಕೊಮ್ಮೆ ಮಕ್ಕಳನ್ನು ಒಂದೆಡೆ ಸೇರಿಸುವ ಪೂರಕ ಕೂಟವು ಅವಶ್ಯವಾಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಪಾಲಕರು ಅಂಥ ಕೂಟವನ್ನು ಹೇಗೆ ಕಟ್ಟಬಹುದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಒಂದು ತತ್ತ್ವವನ್ನು ಮೊದಲಿಗೇ ಹೇಳಿಬಿಡುವುದು ಯುಕ್ತ. ಮನೆಯಲ್ಲಿ ಆಗುವುದನ್ನು ಕೂಟದಲ್ಲಿ ಪುನಃ ಮಾಡಬಾರದು. ಕೂಟಕ್ಕೆಂದು ವಾರಕ್ಕೊಮ್ಮೆ ತೆಗೆದಿಡುವ ಮೂರು ತಾಸುಗಳನ್ನು ಗಣಿತದ ಅಭ್ಯಾಸಕ್ಕೋ ಪ್ರಶ್ನೋತ್ತರಗಳ ಕಂಠಪಾಠಕ್ಕೋ ವಿನಿಯೋಗಿಸಿದರೆ ಅದು ಇನ್ನೊಂದು ಟ್ಯೂಷನ್ ಆಗುವುದೇ ಹೊರತು ಮಗುವಿನ ಬಾಳಿಗೆ ಹೊಸದೇನನ್ನೂ ಕೂಡಿಸುವುದಿಲ್ಲ. ಬಹುಜನರಿಲ್ಲದೆ ಯಾವುದು ಅಸಾಧ್ಯವೋ, ಮನೆಯ ಹಿರಿಯರಿಗೆ ತಿಳಿಯದ ಯಾವ ವಿದ್ಯೆಯನ್ನು ಊರಿನ ಬೇರೊಬ್ಬರು ಬಲ್ಲರೋ, ಅದಕ್ಕೆ ಮಾತ್ರ ಆ ಸಮಯವು ಮೀಸಲಾಗಿರಬೇಕು.

ಈ ಕ್ರಮವು ನಮ್ಮ ನಾಡಿಗೆ ತೀರ ಅಪರಿಚಿತವಾದುದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳನ್ನು ಎಳವೆಯಲ್ಲಿ ಶಾಲೆಗೆ ಅಟ್ಟದೆ ಮನೆಯಲ್ಲಿಯೇ ಬೆಳೆಯಿಸಿದರು. ಆ ಬಾಲ್ಯದ ವೃತ್ತಾಂತವನ್ನು ಮಾಳವಿಕಾ ಕಪೂರ್, ಉಲ್ಲಾಸ ಕಾರಂತ, ಕ್ಷಮಾ ರಾವ್ ಎಂಬ ಅವರ ಮೂವರು ಮಕ್ಕಳು 2021ರಲ್ಲಿ ಪ್ರಕಟವಾದ ‘ಗ್ರೋಯಿಂಗ್ ಅಪ್ ಕಾರಂತ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಆದರೆ ಆ ಮನೆಯು ನಾಲ್ಕು ಗೋಡೆಗಳ ಮನೆಯಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಬಾಲವನದಲ್ಲಿ ನಾಟ್ಯಶಾಲೆಯಿತ್ತು, ಮುದ್ರಣಾಲಯವಿತ್ತು, ಬಂದುಹೋಗುವ ವಿದ್ವಾಂಸರೂ ಕಲಾವಿದರೂ ಇದ್ದರು. ಸಾಲದುದಕ್ಕೆ, ಮಕ್ಕಳಿಗಾಗಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದ ತಂದೆಯಿದ್ದನು. ಅಂಥ ಪರಿಸರವು ಎಲ್ಲರಿಗೂ ಲಭ್ಯವಲ್ಲವಾದ್ದರಿಂದ ಹಲವು ಕುಟುಂಬಗಳು ಕೂಡಿ ಅದರ ಒಂದಂಶವನ್ನಾದರೂ ನಿರ್ಮಿಸಿಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಣ ಚಿಂತಕನು 1977ರಲ್ಲಿ ಮನೆಪಾಠದ ಕುಟುಂಬಗಳಿಗಾಗಿಯೇ ಪತ್ರಿಕೆಯೊಂದನ್ನು ಆರಂಭಿಸಿದನು. ಆ ದೇಶದಲ್ಲಿ ಇಂದು ಇಂಥ ಕುಟುಂಬಗಳು ವಾರದ ಒಂದು ದಿನ ಒಟ್ಟುಗೂಡಿ, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಕಲಿಸುವ ಪದ್ಧತಿಯು ಸರ್ವಸಾಮಾನ್ಯವಾಗಿದೆ. ನಮ್ಮ ಭಾಗದಲ್ಲಿ ಬಸದಿಗಳ ಪಾಠಶಾಲೆ, ಮಠಗಳ ಶಿವಾನುಭವ ಗೋಷ್ಠಿ, ಭಜನಾ ಮಂಡಳಿ, ತಾಲೀಮು ಇವೆಲ್ಲ ನಿಯತಕಾಲದಲ್ಲಿ ಸೇರಿ ಕಲಿಯುವ ಕ್ರಮಗಳೇ ಆಗಿವೆ.

ಕಾಯಿದೆಯ ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅದರ 10ನೆಯ ಕಲಮು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ಹಾಗೆ ಸೇರಿಸದ ಪಾಲಕರಿಗೆ ಆ ಕಾಯಿದೆಯಲ್ಲಿ ದಂಡನೆಯನ್ನು ವಿಧಿಸಿಲ್ಲ. ಸ್ವೇಚ್ಛೆಯಿಂದ ನಡೆಯಿಸುವ ಮನೆಪಾಠದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮಾತ್ರ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು 2012ರ ತಿದ್ದುಪಡಿಯಿಂದ ಲಭಿಸಿದೆ. ಅಂಥ ಮಕ್ಕಳ ತಂದೆತಾಯಿಗಳು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ವಿಶೇಷ ಶಿಕ್ಷಕರನ್ನು ತಪ್ಪದೆ ಕಾಣತಕ್ಕದ್ದು, ಮತ್ತು ವಾರದ ಕೂಟವು ಇಂಥ ಮಕ್ಕಳಿಗೆ ಮೊದಲ ಮಣೆಯನ್ನು ಹಾಕತಕ್ಕದ್ದು. ಉಳಿದವರು ತಮ್ಮ ಉದ್ದೇಶವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಹದ ಮೂಲಕ ತಿಳಿಸಿ ಪ್ರತಿಯನ್ನು ಇಟ್ಟುಕೊಂಡಿರುವುದು ಹಿತಕರ. ಏಕೆಂದರೆ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದವರು ಬಾಗಿಲಲ್ಲಿ ನಿಂತಾಗ ವಾದಕ್ಕಿಂತ ದಾಖಲೆಯು ಹೆಚ್ಚು ಪ್ರಯೋಜನಕಾರಿ. ಇನ್ನೊಂದು ಎಚ್ಚರಿಕೆಯೂ ಅವಶ್ಯ. ಮಾನ್ಯತೆಯಿಲ್ಲದೆ ಶಾಲೆಯನ್ನು ನಡೆಯಿಸುವವರಿಗೆ 18ನೆಯ ಕಲಮಿನ ಪ್ರಕಾರ ಒಂದು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಆದುದರಿಂದ ಕೂಟಕ್ಕೆ ಶಾಲೆಯೆಂಬ ಹೆಸರಾಗಲಿ ಫಲಕವಾಗಲಿ ತರಗತಿಗಳ ವಿಂಗಡಣೆಯಾಗಲಿ ಪ್ರಮಾಣಪತ್ರವಾಗಲಿ ಕೂಡದು. ಅದು ಪಾಲಕರು ತಾವೇ ಉಪಸ್ಥಿತರಿದ್ದು ನಡೆಯಿಸುವ ವಾರದ ಮೇಳವಾಗಿಯೇ ಉಳಿಯಬೇಕು.

ಇಲ್ಲಿ ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳಬೇಕಾಗಿದೆ. ಬೀಡಿ ಕಟ್ಟುವುದಕ್ಕೋ, ಕಬ್ಬಿನ ಗದ್ದೆಗೋ, ಎಳೆಯ ತಮ್ಮತಂಗಿಯರನ್ನು ನೋಡಿಕೊಳ್ಳುವುದಕ್ಕೋ ಮಗುವನ್ನು ನಿಲ್ಲಿಸಿಕೊಂಡು, ಅಥವಾ ಮೈನೆರೆದ ಹುಡುಗಿಯನ್ನು ಮದುವೆಯ ಮಾತುಕತೆಗಾಗಿ ಒಳಗಿರಿಸಿಕೊಂಡು, ಅದಕ್ಕೆ ಮನೆಪಾಠವೆಂಬ ಗೌರವದ ಹೆಸರನ್ನು ಕೊಡುವುದು ಅನ್ಯಾಯವಷ್ಟೇ ಅಲ್ಲ, ನಿಜವಾಗಿ ಕಲಿಸುವ ಕುಟುಂಬಗಳಿಗೆ ಮಾಡುವ ಅಪಚಾರವೂ ಆಗಿದೆ. ಮಗುವು ಪ್ರತಿದಿನ ಓದುತ್ತಿಲ್ಲವೆಂದು ಕೂಟದ ಹಿರಿಯರಿಗೆ ಮನವರಿಕೆಯಾದರೆ, ಆ ಮಗುವನ್ನು ಶಾಲೆಗೆ ಸೇರಿಸುವಂತೆ ಮನೆಯವರನ್ನು ಒಡಂಬಡಿಸುವುದು ಅವರ ಮೊದಲನೆಯ ಧರ್ಮ. ಮಗುವು ಅಪಾಯದಲ್ಲಿದೆಯೆಂದು ಕಂಡರೆ 1098 ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಕೂಟದ ಗಾತ್ರವು ಎಂಟರಿಂದ ಹದಿನೈದು ಮಕ್ಕಳಿದ್ದರೆ ಉತ್ತಮ. ಅಥಣಿಯಿಂದ ನಿಪ್ಪಾಣಿಗೆ ವಾರವಾರವೂ ಮಕ್ಕಳನ್ನು ಕರೆದೊಯ್ಯುವುದು ಆಗದ ಮಾತು. ಆದುದರಿಂದ ತಾಲೂಕಿಗೊಂದು, ಸಾಧ್ಯವಾದರೆ ಹೋಬಳಿಗೊಂದು ಕೂಟವಿದ್ದು, ಎರಡು ಮೂರು ತಿಂಗಳಿಗೊಮ್ಮೆ ಎಲ್ಲರೂ ಒಂದೆಡೆ ಸೇರುವುದು ಸುಲಭಸಾಧ್ಯ. ಮನೆಯಲ್ಲಿ ಓದುವ ಮಕ್ಕಳು ಅಷ್ಟು ಸಂಖ್ಯೆಯಲ್ಲಿ ದೊರೆಯದಿದ್ದರೆ ನಿರಾಶರಾಗಬೇಕಾಗಿಲ್ಲ. ಶನಿವಾರ ಶಾಲೆಗಳು ಬೆಳಗಿನ ಹೊತ್ತು ಮಾತ್ರ ನಡೆಯುವುದರಿಂದ ಅಂದಿನ ಮಧ್ಯಾಹ್ನವನ್ನು ಆರಿಸಿಕೊಂಡರೆ ಓಣಿಯ ಶಾಲಾಮಕ್ಕಳೂ ಬಂದು ಸೇರಬಹುದು. ಈ ಮಿಶ್ರಣವು ಎರಡೂ ಕಡೆಯವರಿಗೆ ಶ್ರೇಯಸ್ಕರವೆಂಬುದೇ ನನ್ನ ದೃಢವಾದ ಅಭಿಪ್ರಾಯ. ಸ್ಥಳಕ್ಕಾಗಿ ಬಾಡಿಗೆ ತೆರಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದಿವೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದನ್ವಯ ಮಕ್ಕಳಿಗೆ ಅಲ್ಲಿ ಸದಸ್ಯತ್ವವು ಉಚಿತ. ಗ್ರಂಥಪಾಲಕರ ಒಪ್ಪಿಗೆಯನ್ನು ಪಡೆದು ಅಲ್ಲಿಯೇ ಸೇರಬಹುದು. ಇಲ್ಲವಾದರೆ ಸಮುದಾಯ ಭವನ, ಮಠದ ಅಥವಾ ಬಸದಿಯ ಪ್ರಾಂಗಣ ಇವೆ. ಮತಸಂಸ್ಥೆಯ ಸ್ಥಳವನ್ನು ಬಳಸುವಾಗ ಎಲ್ಲ ಜಾತಿಮತಗಳ ಮಕ್ಕಳಿಗೂ ಅಲ್ಲಿ ಸಮಾನವಾದ ಪ್ರವೇಶವಿದೆಯೆಂಬುದನ್ನು ಮೊದಲಿಗೇ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದಲ್ಲಿ ಮರದ ನೆರಳೇ ಮೇಲು.

ಋತುವನ್ನು ಗಮನಿಸದೆ ಕಾಲಸೂಚಿಯನ್ನು ಹಾಕಿದರೆ ಈ ಭಾಗದಲ್ಲಿ ಯಾವ ಕೆಲಸವೂ ನಿಲ್ಲದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಹ್ಯಾದ್ರಿಯ ಮಳೆಯು ಹೆಚ್ಚಿದೊಡನೆ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ ಮೊದಲಾದ ತಗ್ಗಿನ ಸೇತುವೆಗಳು ನೀರಿನಲ್ಲಿ ಮುಳುಗಿ ದಾರಿಗಳು ನಿಲ್ಲುತ್ತವೆ. ಆ ವಾರಗಳಲ್ಲಿ ಹೊಳೆಯಾಚೆಯ ಮಕ್ಕಳನ್ನು ಕರೆಯಿಸುವ ಸಾಹಸಕ್ಕೆ ಹೋಗದೆ, ಕೂಟಕ್ಕೆ ವಿರಾಮವನ್ನು ಕೊಟ್ಟು, ಮನೆಯಲ್ಲಿದ್ದುಕೊಂಡೇ ಮಾಡುವ ಒಂದು ಕೆಲಸವನ್ನು ವಹಿಸಬೇಕು. ಆ ಕೆಲಸವನ್ನು ಹೊಳೆಯೇ ಒದಗಿಸುತ್ತದೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಎಷ್ಟು ಕ್ಯೂಸೆಕ್ ನೀರು ಬರುತ್ತಿದೆ, ದೂಧಗಂಗೆಯಲ್ಲಿ ಎಷ್ಟು, ಕೊಯ್ನಾ ಜಲಾಶಯದಿಂದ ಎಷ್ಟು ಬಿಟ್ಟಿದ್ದಾರೆ ಎಂಬ ಅಂಕಿಗಳು ದಿನದಿನವೂ ವರ್ತಮಾನಪತ್ರಗಳಲ್ಲಿ ಬರುತ್ತವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರು, ಒಂದು ಲಕ್ಷ ಕ್ಯೂಸೆಕ್ ಎಂಬಲ್ಲಿ ಒಂದೊಂದು ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮಿಕ್ಕ ನೀರು ಹರಿಯುತ್ತದೆಂದು ಮಗುವು ತಾನೇ ಗುಣಿಸಿ ಕಂಡುಕೊಂಡಾಗ ಅಂಕಗಣಿತವು ಜೀವವನ್ನು ತಳೆಯುತ್ತದೆ. ಮಕ್ಕಳು ಈ ಅಂಕಿಗಳನ್ನು ವಹಿಯಲ್ಲಿ ಬರೆದಿಟ್ಟು, ಮಳೆ ನಿಂತ ಮೇಲೆ ಕೂಟದಲ್ಲಿ ದೊಡ್ಡ ಕಾಗದದ ಮೇಲೆ ರೇಖೆಯನ್ನೆಳೆದು ನೋಡಿದರೆ, ಮೇಲ್ಗಡೆಯ ನೀರು ತಮ್ಮೂರಿಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂಬುದು ಅವರಿಗೇ ಗೋಚರವಾಗುತ್ತದೆ. ಹೊಳೆದಂಡೆಯ ಊರುಗಳಲ್ಲಿ 2005, 2019ರ ಮಹಾಪೂರಗಳನ್ನು ಕಂಡ ಹಿರಿಯರಿದ್ದಾರೆ. ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಅವರಿಂದ ಕೇಳಿ, ಟೇಪಿನಿಂದ ಅಳೆದು, ಊರಿನ ನಕ್ಷೆಯ ಮೇಲೆ ಗುರುತಿಸುವುದರಲ್ಲಿ ಇತಿಹಾಸವೂ ಭೂಗೋಲವೂ ರೇಖಾಗಣಿತವೂ ಒಂದರೊಳಗೊಂದು ಬೆರೆತುಹೋಗುತ್ತವೆ.

ಕಬ್ಬು ನುರಿಸುವ ಕಾಲವು ಆರಂಭವಾದೊಡನೆ ಇನ್ನೊಂದು ಪಾಠವು ತಾನಾಗಿಯೇ ಸಿದ್ಧವಾಗುತ್ತದೆ. ಉಗಾರದಂಥ ದೊಡ್ಡ ಸಕ್ಕರೆ ಕಾರ್ಖಾನೆಯನ್ನು ಅನುಮತಿ ಪಡೆದು ನೋಡುವುದು ಒಳ್ಳೆಯದೇ. ಆದರೆ ಎಳೆಯ ಮಕ್ಕಳಿಗೆ ಬೆಲ್ಲದ ಗಾಣವೇ ಹೆಚ್ಚು ಬೋಧಪ್ರದ, ಏಕೆಂದರೆ ಅಲ್ಲಿ ರಸವು ಬೆಲ್ಲವಾಗುವವರೆಗಿನ ಪ್ರತಿಯೊಂದು ಅವಸ್ಥೆಯೂ ಕಣ್ಣಿಗೆ ಕಾಣುತ್ತದೆ. ಸುಣ್ಣದ ತಿಳಿಯನ್ನು ಏಕೆ ಹಾಕುತ್ತಾರೆ, ಅದು ರಸದ ಆಮ್ಲವನ್ನು ಹೇಗೆ ಕಡಿಮೆಮಾಡಿ ಕಶ್ಮಲವನ್ನು ಮೇಲೆ ತರುತ್ತದೆ, ಬೆಂಡೆಯ ಗಿಡದ ಲೋಳೆಯು ಅದಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಗಾಣದವರಿಂದಲೇ ಕೇಳಿಸಬೇಕು. ನೂರು ಡಿಗ್ರಿಯಲ್ಲಿ ನೀರು ಕುದಿಯುತ್ತದೆಂದು ಓದಿದ ಮಗುವು, ಪಾಕವು ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲೇ ಕೊಪ್ಪರಿಗೆಯನ್ನು ಇಳಿಸುತ್ತಾರೆಂಬುದನ್ನು ಉಷ್ಣಮಾಪಕದಲ್ಲಿ ಕಂಡು, ನೀರು ಆವಿಯಾಗಿ ಹೋದಂತೆಲ್ಲ ಕುದಿಯುವ ಬಿಂದುವು ಏರುವುದನ್ನು ಅರಿಯುತ್ತದೆ. ಉಷ್ಣಮಾಪಕವಿಲ್ಲದ ಪಾಕದವನು ತಣ್ಣೀರಿನಲ್ಲಿ ಒಂದು ಹನಿಯನ್ನು ಬಿಟ್ಟು ಉಂಡೆಗಟ್ಟುವುದನ್ನು ನೋಡಿ ಅದೇ ಕ್ಷಣವನ್ನು ಗುರುತಿಸುವುದನ್ನು ಕಂಡಾಗ, ವಿಜ್ಞಾನವು ಪುಸ್ತಕದಲ್ಲಿ ಮಾತ್ರ ಇಲ್ಲವೆಂಬುದೂ ಅದಕ್ಕೆ ತಿಳಿಯುತ್ತದೆ. ಕೊಪ್ಪರಿಗೆಯ ಹತ್ತಿರ ಮಕ್ಕಳನ್ನು ಬಿಡಲಾಗದು. ಉಷ್ಣಮಾಪಕವನ್ನು ಹಿಡಿಯುವವರು ಹಿರಿಯರೇ ಆಗಿರಬೇಕು. ಕಬ್ಬಿನ ಗದ್ದೆಗಳಲ್ಲಿ ಗುಡಿಸಲು ಹಾಕಿಕೊಂಡಿರುವ ಕಟಾವಿನ ಕೂಲಿಕಾರರ ಮಕ್ಕಳು ಈ ಕಾಲದಲ್ಲಿ ಶಾಲೆಯಿಂದ ದೂರವಾಗಿರುತ್ತಾರೆ. ಸರಕಾರದ ಟೆಂಟ್ ಶಾಲೆಗೆ ಅಥವಾ ಹತ್ತಿರದ ಶಾಲೆಗೆ ಅವರನ್ನು ಸೇರಿಸಲು ನೆರವಾಗುವುದರ ಜೊತೆಗೆ, ಶನಿವಾರದ ಕೂಟಕ್ಕೆ ಅವರನ್ನೂ ಕರೆಯಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಗುರುಗಳು ಎಲ್ಲಿಂದ ಬರಬೇಕೆಂದು ಕೇಳುವವರು ತಮ್ಮೂರಿನ ಓಣಿಗಳನ್ನೇ ಒಮ್ಮೆ ನೋಡಬೇಕು. ಅಥಣಿ, ನಿಪ್ಪಾಣಿಗಳ ಕಡೆಯ ಚಪ್ಪಲಿಗಳು ಕೊಲ್ಹಾಪುರಿ ಎಂಬ ಹೆಸರಿನಿಂದ ಪರದೇಶಗಳಿಗೂ ಹೋಗುತ್ತವೆ. 2019ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಲಿಕ ಸೂಚಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಿಂದ ತೊಗಲನ್ನು ಹದಮಾಡುವ ವಿದ್ಯೆಯನ್ನು ಬಲ್ಲ ಕುಶಲಿಯನ್ನು ಕೂಟಕ್ಕೆ ಗುರುವಾಗಿ ಆಹ್ವಾನಿಸಿ, ಸಂಗೀತದ ಮಾಸ್ತರರಿಗೆ ಕೊಡುವಷ್ಟೇ ಗೌರವಧನವನ್ನು ಕೊಟ್ಟು, ಮಕ್ಕಳೆಲ್ಲರೂ ಅವರ ಮಗ್ಗುಲಲ್ಲಿ ಕುಳಿತು ಒಂದು ತುಂಡು ಚರ್ಮವನ್ನು ಹೆಣೆಯಲು ಕಲಿತರೆ, ಶ್ರಮದ ಘನತೆಯ ಕುರಿತ ಯಾವ ಉಪನ್ಯಾಸಕ್ಕಿಂತಲೂ ಅದು ಹೆಚ್ಚಿನದನ್ನು ಸಾಧಿಸುತ್ತದೆ. ಕರಡಿ ಮಜಲನ್ನು ಬಾರಿಸುವವರು, ಕೃಷ್ಣ ಪಾರಿಜಾತದ ಹಾಡುಗಳನ್ನು ಬಲ್ಲವರು, ತಾಲೀಮಿನ ವಸ್ತಾದರು, ನಿವೃತ್ತರಾದ ಮಾಸ್ತರರು ಮತ್ತು ಅಕ್ಕೋರುಗಳು ಎಲ್ಲ ಊರುಗಳಲ್ಲಿಯೂ ದೊರೆಯುತ್ತಾರೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮಕ್ಕಳು ವರ್ಷಕ್ಕೊಮ್ಮೆ ರೈಲಿನಲ್ಲಿ ಮಿರಜಿಗೆ ಹೋಗಿ, ಒಣಗಿದ ಸೋರೆಬುರುಡೆಯು ತಂಬೂರಿಯಾಗುವುದನ್ನು ಅಲ್ಲಿಯ ಕುಶಲಿಗಳ ಅಂಗಡಿಯಲ್ಲಿ ನೋಡಿ ಸಂಜೆಗೆ ಮರಳಬಹುದು.

ಭಾಷೆಯ ವಿಷಯದಲ್ಲಿ ಈ ಐದು ತಾಲೂಕುಗಳಿಗೆ ಇರುವ ಭಾಗ್ಯವು ಬೇರೆಡೆ ಅಪರೂಪ. ಮನೆಯಲ್ಲಿ ಕನ್ನಡವಾಡುವ ಮಗು ಮತ್ತು ಮರಾಠಿಯಾಡುವ ಮಗು ಒಂದೇ ಓಣಿಯಲ್ಲಿ ಬೆಳೆಯುತ್ತವೆ. ಕೂಟದಲ್ಲಿ ಒಂದು ಕಥೆಯನ್ನು ಒಬ್ಬನು ಕನ್ನಡದಲ್ಲಿ ಹೇಳಿ ಇನ್ನೊಬ್ಬನು ಅದನ್ನೇ ಮರಾಠಿಯಲ್ಲಿ ಹೇಳುವ ಅಭ್ಯಾಸವಿಟ್ಟರೆ ಎರಡು ಭಾಷೆಗಳೂ ಪುಷ್ಟವಾಗುತ್ತವೆ. ಓದಿ ಹೇಳುವುದಕ್ಕೆ ಪುಸ್ತಕಗಳ ಅಭಾವವಿಲ್ಲ: ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆಯಿದೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ, ಹಿರಿಯ ಮಕ್ಕಳಿಗೆ ಶೇಡಬಾಳದವರೇ ಆದ ಮಿರ್ಜಿ ಅಣ್ಣಾರಾಯರ ಕಾದಂಬರಿಗಳ ಭಾಗಗಳನ್ನು ಓದಿ ಹೇಳಿದರೆ ತಮ್ಮ ನೆಲದ ಬದುಕು ಅಚ್ಚಿನಲ್ಲಿ ಬಂದುದನ್ನು ಅವರು ಕಾಣುತ್ತಾರೆ.

ಮೂರು ತಾಸುಗಳನ್ನು ಹೇಗೆ ಹಂಚಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮ ಬೇಡ. ಹಾಡಿನಿಂದ ಆರಂಭಿಸಿ, ಮನಸ್ಸು ಚುರುಕಾಗಿರುವ ಮೊದಲ ಒಂದೂವರೆ ತಾಸನ್ನು ಆ ವಾರದ ಮುಖ್ಯ ಕೆಲಸಕ್ಕೆ ಕೊಟ್ಟು, ಬಿಸಿಲು ಇಳಿದ ಮೇಲೆ ಆಟವಾಡಿಸಿ, ಕೊನೆಗೆ ಎಲ್ಲರೂ ಕುಳಿತು ಕಥೆಯನ್ನು ಕೇಳುವುದು ಸಾಮಾನ್ಯವಾಗಿ ಒಗ್ಗುವ ಕ್ರಮ. ಒಂದೇ ವಿಷಯವನ್ನು ನಾಲ್ಕರಿಂದ ಆರು ವಾರಗಳವರೆಗೆ ಮುಂದುವರಿಸಬೇಕು. ವಾರಕ್ಕೊಂದು ಹೊಸ ಬೆರಗನ್ನು ಉಣಬಡಿಸುವ ಕೂಟದಲ್ಲಿ ಮಕ್ಕಳು ಸಂತೋಷಪಟ್ಟರೂ ಯಾವುದರಲ್ಲಿಯೂ ಕೈಪಳಗುವುದಿಲ್ಲ. ವಯಸ್ಸಿಗನುಸಾರವಾಗಿ ಬೇರ್ಪಡಿಸದೆ, ಹನ್ನೆರಡರ ಹುಡುಗಿಯು ಏಳರ ಹುಡುಗನಿಗೆ ತಕ್ಕಡಿಯನ್ನು ಹಿಡಿಯಲು ತೋರಿಸುವಂತೆ ಅವಕಾಶಮಾಡಿಕೊಡಬೇಕು.

ವೆಚ್ಚವು ದೊಡ್ಡದಲ್ಲ: ಅಳತೆಯ ಟೇಪು, ತಕ್ಕಡಿ, ಉಷ್ಣಮಾಪಕ, ಭೂತಗನ್ನಡಿ, ಹಗ್ಗ, ಚೆಂಡು, ಕಾಗದ, ಬಂದ ಗುರುಗಳಿಗೆ ಗೌರವಧನ. ಇದನ್ನು ಕುಟುಂಬಗಳು ಹಂಚಿಕೊಳ್ಳಬೇಕು, ಕೊಡಲಾರದವರಿಂದ ಕೇಳಬಾರದು, ಲೆಕ್ಕವನ್ನು ಪ್ರತಿ ತಿಂಗಳೂ ಎಲ್ಲರೆದುರಿಗೆ ಓದಬೇಕು. ಮಕ್ಕಳ ಸುರಕ್ಷಿತತೆಯಲ್ಲಿ ಮಾತ್ರ ಯಾವ ದಾಕ್ಷಿಣ್ಯವೂ ಸಲ್ಲದು. ಎಷ್ಟೇ ಗೌರವಾನ್ವಿತರಾದ ಗುರುಗಳಿದ್ದರೂ ಇಬ್ಬರು ಪಾಲಕರು, ಅವರಲ್ಲಿ ಒಬ್ಬರು ಹೆಂಗಸರು, ಆದ್ಯಂತವಾಗಿ ಅಲ್ಲಿರಬೇಕು. ಮಗುವನ್ನು ಯಾರೊಡನೆಯೂ ಒಂಟಿಯಾಗಿ ಬಿಡಬಾರದು. ಹೊಳೆಯ ಕಡೆಗೆ ಹೋಗುವ ದಿನ ನೀರಿಗೆ ಇಳಿಯುವುದೇ ಕೂಡದು.

ಪ್ರತಿಯೊಂದು ಮಗುವಿಗೂ ಒಂದು ವಹಿಯಿರಲಿ. ತಾರೀಖು, ಮಾಡಿದ ಕೆಲಸ, ಬಿಡಿಸಿದ ಚಿತ್ರ, ಅಳತೆಗಳು, ಓದಿದ ಪುಸ್ತಕದ ಹೆಸರು ಇವನ್ನು ಅದು ತಾನೇ ಬರೆಯಲಿ. ಪರೀಕ್ಷೆಗಳ ಕಾಲ ಬಂದಾಗ ಎರಡು ಮಾರ್ಗಗಳು ತೆರೆದಿವೆ. ಮೊದಲನೆಯದು 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಅಲ್ಲಿ 3, 5, 8ನೆಯ ತರಗತಿಗಳಿಗೆ ಸಮನಾದ ಮೂರು ಹಂತಗಳಿವೆ, 14 ವರ್ಷ ತುಂಬಿದವರು ಐದು ವಿಷಯಗಳನ್ನು ಆರಿಸಿಕೊಂಡು ಮಾಧ್ಯಮಿಕ ಪರೀಕ್ಷೆಗೆ ಕುಳಿತುಕೊಳ್ಳಬಹುದು, ಕನ್ನಡವನ್ನು ಭಾಷಾವಿಷಯವಾಗಿ ತೆಗೆದುಕೊಳ್ಳಬಹುದು, ಮತ್ತು ಒಮ್ಮೆ ಪಡೆದ ಪ್ರವೇಶವು ಐದು ವರ್ಷ ನಡೆಯುವುದರಿಂದ ವಿಷಯಗಳನ್ನು ಒಂದೊಂದಾಗಿಯೂ ಮುಗಿಸಬಹುದು. ಎರಡನೆಯದು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಹೆಸರು ನೋಂದಾಯಿಸುವುದು. ಅದರ ವಯೋಮಿತಿ, ಶುಲ್ಕ, ಕೊನೆಯ ತಾರೀಖುಗಳನ್ನು ಪರೀಕ್ಷಾ ಮಂಡಲಿಯು ಹೊರಡಿಸುವ ಆ ವರ್ಷದ ಸುತ್ತೋಲೆಯಿಂದಲೇ ತಿಳಿದುಕೊಳ್ಳಬೇಕು. ನಡುವೆ ಯಾವಾಗಲಾದರೂ ಮಗುವು ತಾನಾಗಿ ಶಾಲೆಗೆ ಹೋಗಬಯಸಿದರೆ ತಡೆಯಬಾರದು; ಶಿಕ್ಷಣದ ಹಕ್ಕು ಕಾಯಿದೆಯ 4ನೆಯ ಕಲಮಿನ ಪ್ರಕಾರ ಅದನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿಯನ್ನು ಕೊಡುವುದು ಶಾಲೆಯ ಹೊಣೆಯಾಗಿದೆ, ಮತ್ತು ಜನನ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಹಾಗೆ ಶಾಲೆಗೆ ಸೇರಿದ ಮಗುವೂ ಶನಿವಾರದ ಮಧ್ಯಾಹ್ನ ತನ್ನ ವಹಿಯನ್ನು ಹಿಡಿದು ಕೂಟಕ್ಕೆ ಬರುವುದಕ್ಕೆ ಅಡ್ಡಿಯೇನೂ ಇಲ್ಲ.